ಗೃಹಕೃತ್ಯ: ಗೀಸರಿನೊಳಗಿನ ಸುಣ್ಣಕಲ್ಲು



ಚಳಿಗಾಲವು ಹೊಸ್ತಿಲಿಗೆ ಬಂದಿದೆ. ಬೇಸಿಗೆಯೆಲ್ಲ ಬಚ್ಚಲಿನ ಗೋಡೆಯ ಮೇಲೆ ಸುಮ್ಮನಿದ್ದ ಗೀಸರಿಗೆ ಇನ್ನು ಬಿಡುವಿಲ್ಲದ ಕೆಲಸ. ಅದನ್ನು ಹಚ್ಚುವ ಮುನ್ನ ಒಂದು ದಿನ ಅದರ ಯೋಗಕ್ಷೇಮವನ್ನು ವಿಚಾರಿಸಿರೆಂಬುದೇ ಈ ತಿಂಗಳ ಬಿನ್ನಹ.

ಕೊಡ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆವಂದಿಗರಿಗೆ ಈ ಮಾತು ಹೆಚ್ಚಾಗಿ ಸಲ್ಲುವುದು. ನಾವು ಅಂಗಳಕ್ಕೆ ಹಾಸುವ ಶಹಾಬಾದಿ ಪರಸಿಯೂ ಸಿಮೆಂಟಿನ ಕಾರ್ಖಾನೆಗಳು ಅರೆಯುವ ಕಲ್ಲೂ ಸುಣ್ಣಕಲ್ಲಿನ ಜಾತಿಯವೇ. ಮಳೆಯ ನೀರು ಮಣ್ಣಿನೊಳಗಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಈ ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಳ್ಳುವುದು. ಬಾವಿಯ ನೀರು ಗಡಸಾಗುವುದು ಹೀಗೆ. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರದಿರಲೆಂದೂ, ಬೇರೆ ನೀರಿಲ್ಲದೆಡೆ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಅಂತಹ ನೀರನ್ನು ಕಾಯಿಸಿದೊಡನೆ ವಾಯುವು ಹಾರಿಹೋಗುತ್ತದೆ. ಕರಗಿದ್ದ ಸುಣ್ಣವು ಮರಳಿ ಕಲ್ಲಾಗಿ ಕುಳಿತುಕೊಳ್ಳುತ್ತದೆ.

ಹಿಂದೆ ತಾಮ್ರದ ಹಂಡೆಯಲ್ಲಿ ಈ ಬಿಳಿಯ ಹಕ್ಕಳೆಯು ಕಣ್ಣಿಗೆ ಕಾಣುತ್ತಿದ್ದಿತು. ಹಿರಿಯರು ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಿದ್ದರು. ಗೀಸರಾದರೋ ಬಾಯಿ ಮುಚ್ಚಿದ ಹಂಡೆ. ಒಳಗಿನ ಕಾಯಿಲಿಗೆ ಕಲ್ಲಿನ ಕವಚವೇ ಬೆಳೆದರೂ ಹೊರಗೆ ತಿಳಿಯದು. ನೀರು ತಡವಾಗಿ ಕಾಯುವುದು, ಒಳಗೆ ಚಟಪಟ ಸದ್ದಾಗುವುದು, ನಳದಲ್ಲಿ ಬಿಳಿಯ ಹರಳುಗಳು ಉದುರುವುದು, ಇವು ಅದರ ಲಕ್ಷಣಗಳು. ಕವಚದೊಳಗೆ ಬೆಂದು ಬೆಂದು ಕಾಯಿಲು ಒಂದು ದಿನ ಒಡೆಯುವುದು. ವಿದ್ಯುತ್ತು ನೀರಿಗೆ ಸೋಕುವ ಭಯ ಆಗಲೇ. ಅರ್ಥಿಂಗ್ ಸರಿಯಾಗಿಲ್ಲದ ಮನೆಯಲ್ಲಿ ಇದು ಪ್ರಾಣಕ್ಕೇ ಎರವಾದೀತು.

ಇನ್ನೊಂದು ಅಪಾಯವನ್ನು ನಮ್ಮ ಮನೆಯಲ್ಲಿಯೇ ಕಂಡೆವು. ಗೀಸರಿನ ರಕ್ಷಣಾ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತಿದ್ದಿತು. ಬಚ್ಚಲು ಸದಾ ಒದ್ದೆಯೆಂದು ಬೇಸರಗೊಂಡ ನಮ್ಮವರೊಬ್ಬರು ಮರದ ಬಿರಡೆಯನ್ನು ಬಡಿದುಬಿಟ್ಟರು! ದೈವಾನುಕೂಲದಿಂದ ಮರುದಿನವೇ ಬಂದ ಕಾರೀಗರನು ಅದನ್ನು ಕಿತ್ತೆಸೆದನು. 15 ಲೀಟರು ನೀರು 25ರಿಂದ 65 ಡಿಗ್ರಿಗೆ ಕಾದರೆ ಸುಮಾರು ಕಾಲು ಲೀಟರಿನಷ್ಟು ಉಬ್ಬುವುದು. ಆ ಉಬ್ಬಿಗೆ ದಾರಿಯೇ ಆ ತೊಟ್ಟು. ದಾರಿ ಕಟ್ಟಿದರೆ ಉಷ್ಣನಿಯಂತ್ರಕವೂ ಕೆಟ್ಟ ದಿನ ಪಾತ್ರೆಯೇ ಸಿಡಿದೀತು. ಕಾಯುವಾಗ ನಾಲ್ಕು ಹನಿ ಬಿದ್ದರೆ ಬೀಳಲಿ. ಎಡೆಬಿಡದೆ ಸುರಿದರೆ ವಾಲ್ವನ್ನು ಬದಲಿಸಿರಿ, ಮುಚ್ಚಲೇಬೇಡಿರಿ.

ಈಗ ಶುದ್ಧಿಯ ಕ್ರಮ. ಮುಖ್ಯ ಸ್ವಿಚ್ಚನ್ನು ಆರಿಸಿ, ನೀರು ಪೂರ್ತಿ ತಣಿಯುವವರೆಗೆ ಕಾಯಿರಿ. ತಣ್ಣೀರು ಬರುವ ದಾರಿಯನ್ನು ಮುಚ್ಚಿ, ಗಾಳಿಯಾಡಲು ಬಿಸಿನೀರಿನ ನಳವನ್ನು ತೆರೆದಿಡಿರಿ. ಬಿಸಿನೀರು ಪಾತ್ರೆಯ ಮೇಲ್ಭಾಗದಿಂದ ಹೊರಡುವುದರಿಂದ ನಳವನ್ನು ತೆರೆದ ಮಾತ್ರಕ್ಕೆ ಗೀಸರು ಬರಿದಾಗದು. ಕೆಳಗಿನ ತಣ್ಣೀರಿನ ಕೊಳವೆಯನ್ನು ಕಳಚಿ ಹರಿಸಬೇಕು. ಕಾಯಿಲನ್ನು ಹೊರತೆಗೆಯುವುದು ಬಲ್ಲವರ ಕೆಲಸ. ತೆಗೆದ ಮೇಲೆ ಒಂದು ಲೀಟರು ಉಗುರುಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ ನಿಂಬೆ ಉಪ್ಪನ್ನು ಬೆರೆಸಿ, ತಂತಿ ಕೂಡುವ ತುದಿ ತೋಯದಂತೆ ಕಾಯಿಲನ್ನು ನೆನೆಯಿಡಿರಿ. ನೊರೆಯೇಳುವುದು ನಿಂತು ಹಕ್ಕಳೆ ಸಡಿಲಿದ ಬಳಿಕ ಮೆದು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಚಾಕುವಿನಿಂದ ಕೆರೆಯುವುದೂ ಬಚ್ಚಲು ತೊಳೆಯುವ ಆಸಿಡ್ಡನ್ನು ಸುರಿಯುವುದೂ ಲೋಹಕ್ಕೆ ಕೇಡು.

ಒಳಗೆ ಮೆಗ್ನೀಸಿಯಂ ಸಲಾಕೆಯೊಂದು ಇರುವುದುಂಟು. ಉಕ್ಕಿನ ಪಾತ್ರೆಗೆ ಬರುವ ತುಕ್ಕನ್ನು ತಾನು ಹೊತ್ತು ಸವೆಯುವುದೇ ಅದರ ಧರ್ಮ. ಬಡಕಲಾಗಿದ್ದರೆ ಹೊಸದನ್ನು ಹಾಕಿಸಿರಿ. ಎಲ್ಲವನ್ನೂ ಜೋಡಿಸಿ, ಬಿಸಿನೀರಿನ ನಳದಲ್ಲಿ ನೀರು ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ಚು ಹಾಕತಕ್ಕದ್ದು. ಬರಿದಾದ ಪಾತ್ರೆಯಲ್ಲಿ ಕಾಯಿಲು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದು. ಉಷ್ಣವು 60 ಡಿಗ್ರಿಯ ಆಸುಪಾಸಿನಲ್ಲಿರಲಿ. ಅದಕ್ಕೂ ಮೇಲೆ ಕಾದಷ್ಟೂ ಸುಣ್ಣವು ಹೆಚ್ಚು ಕಟ್ಟುವುದು.

ವರ್ಷಕ್ಕೊಂದು ದಿನದ ಈ ಶ್ರಮ ಸಾಕು. ಪರಸಿಯು ಅಂಗಳದಲ್ಲಿದ್ದರೆ ಭೂಷಣ. ಬಿಸಿನೀರಿನ ಪಾತ್ರೆಯಲ್ಲಿ ಅದಕ್ಕೆ ಸ್ಥಳವಿಲ್ಲ.