ಹನೋಯಿಯ ಬೆಳಗಿನ ಬಟ್ಟಲು

ಮಕ್ಕಳೇ, ಜಡಿಮಳೆ ಹಿಡಿದ ದಿನ, ಮೈ ಹುಷಾರಿಲ್ಲದ ದಿನ, ಯಾಕೋ ಮನಸ್ಸು ಮುದುಡಿದ ದಿನ ನಿಮಗೆ ಏನು ತಿನ್ನಬೇಕು ಅನ್ನಿಸುತ್ತದೆ? ಅಜ್ಜನನ್ನು ಕೇಳಿದರೆ ಮೆಣಸಿನ ಸಾರು ಅಂದಾರು. ಅಜ್ಜಿ ಗಂಜಿ, ಮಿಡಿ ಉಪ್ಪಿನಕಾಯಿ ಅಂದಾರು. ಹೀಗೆ ಜೀವಕ್ಕೆ ಹಿತ ಅನ್ನಿಸುವ ಊಟ ಎಲ್ಲ ನಾಡಿನಲ್ಲೂ ಇರುತ್ತದೆ. ವಿಯೆಟ್ನಾಂ ದೇಶದ ಬಹಳ ಮಂದಿಗೆ ಅದು ‘ಫೋ’. ಅಗಲ ಬಟ್ಟಲಲ್ಲಿ ಅಕ್ಕಿ ಶ್ಯಾವಿಗೆ, ಅದರ ಮೇಲೆ ಹೊಗೆಯಾಡುವ ತಿಳಿಸಾರು, ಒಂದಿಷ್ಟು ಮಾಂಸದ ಚೂರು, ಮೇಲೆ ಹಸಿರು ಸೊಪ್ಪು. ಬೆಳಗಾದರೆ ಸಾಕು, ಹನೋಯಿ ನಗರದ ಬೀದಿಬದಿಯಲ್ಲಿ ಗಿಡ್ಡ ಸ್ಟೂಲುಗಳ ಮೇಲೆ ಕೂತು ಜನ ಸೊರ್ ಸೊರ್ ಎಂದು ಅದನ್ನು ಹೀರುತ್ತಾರೆ.

ಮೊದಲು ಹೆಸರನ್ನು ಹೇಳಲು ಕಲಿಯೋಣ. ನಾವು ‘ಫೋ’ ಎಂದು ಬರೆದರೂ ಅವರ ಬಾಯಲ್ಲಿ ಅದು ‘ಫ’ ಅಕ್ಷರಕ್ಕೆ ಹತ್ತಿರ. ‘ಫ’ವನ್ನು ಸ್ವಲ್ಪ ಎಳೆದು, ದನಿಯನ್ನು ಇಳಿಸಿ ಮತ್ತೆ ಏರಿಸಬೇಕು, ನಾವು ಆಶ್ಚರ್ಯದಿಂದ ‘ಹೌದಾ?’ ಎಂದು ಕೇಳುವ ಹಾಗೆ. ಹನೋಯಿಯ ಮಾತಿನಲ್ಲಿ ಇಂಥ 6 ದನಿಗಳಿವೆ. ದನಿ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಫೋ ಹೇಳುವಾಗಿನ ದನಿಯ ಹೆಸರು ‘ಹೋಯ್’. ಹಾಗೆಂದರೆ ‘ಕೇಳು’ ಎಂದರ್ಥ. ಎಲ್ಲಿ, ಒಮ್ಮೆ ಹೇಳಿ ನೋಡಿ!

ಇದು ಸಾವಿರಾರು ವರ್ಷಗಳ ಹಳೆಯ ಅಡುಗೆ ಅಂದುಕೊಳ್ಳಬೇಡಿ. ಫೋಗೆ ಸುಮಾರು ನೂರು ವರ್ಷ ದಾಟಿದೆ, ಅಷ್ಟೇ. ನಿಮ್ಮ ಮುತ್ತಜ್ಜನ ವಯಸ್ಸು ಅನ್ನಿ! ಉತ್ತರ ವಿಯೆಟ್ನಾಮಿನ ಹನೋಯಿ ಮತ್ತು ನಾಮ್ ದಿನ್ ಪ್ರದೇಶದಲ್ಲಿ ಅದು ಹುಟ್ಟಿತು. ಆಗ ಅಲ್ಲಿ ಫ್ರೆಂಚರ ಆಳ್ವಿಕೆ. ಊರಿನ ರೈತರಿಗೆ ದನ ಎಂದರೆ ಉಳುಮೆಯ ಜೊತೆಗಾರ, ಅದನ್ನು ತಿನ್ನುವುದು ಅಪರೂಪ. ಫ್ರೆಂಚರಿಗೆ ದನದ ಮಾಂಸ ನಿತ್ಯದ ಊಟ. ಅವರಿಗೆ ಮಾಂಸ ಹೋದ ಮೇಲೆ ಮೂಳೆಗಳು ಅಗ್ಗಕ್ಕೆ ಉಳಿಯುತ್ತಿದ್ದವು. ಬೀದಿಯ ವ್ಯಾಪಾರಿಗಳು ಆ ಮೂಳೆಗಳನ್ನು ಬೇಯಿಸಿ ಸಾರು ಮಾಡಿದರು. ಹೆಗಲ ಮೇಲೆ ಬಿದಿರಿನ ಅಡ್ಡೆ, ಒಂದು ತುದಿಗೆ ಉರಿಯುವ ಒಲೆ ಮತ್ತು ಸಾರಿನ ಪಾತ್ರೆ, ಇನ್ನೊಂದು ತುದಿಗೆ ಶ್ಯಾವಿಗೆ, ಬಟ್ಟಲು, ಸೊಪ್ಪು. ಹೀಗೆ ಇಡೀ ಹೋಟೆಲನ್ನೇ ಹೊತ್ತುಕೊಂಡು ಬೀದಿ ಬೀದಿ ಕೂಗುತ್ತ ಹೋಗುತ್ತಿದ್ದರು. ವಾರದಲ್ಲಿ ಎರಡು ದಿನ ದನದ ಮಾಂಸ ಸಿಗದಂತಾದಾಗ, 1939ರ ಸುಮಾರಿಗೆ, ಕೋಳಿಯ ಫೋ ಕೂಡ ಬಂತು.

ಅದರ ಸಾರು ನೋಡಲು ನೀರಿನಷ್ಟು ತಿಳಿ. ಆದರೆ ಕೆಲಸ ಮಾತ್ರ ರಾತ್ರಿಯಿಡೀ. ಮೂಳೆಗಳನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು, ಮೇಲೆ ಬರುವ ನೊರೆಯನ್ನು ತೆಗೆಯುತ್ತಲೇ ಇರಬೇಕು. ಜೋರಾಗಿ ಕುದಿಸಿದರೆ ಸಾರು ಕದಡಿಹೋಗುತ್ತದೆ. ಈರುಳ್ಳಿ, ಶುಂಠಿಯನ್ನು ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು ಹಾಕುತ್ತಾರೆ. ಜೊತೆಗೆ ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ. ಎಲ್ಲವೂ ನಮ್ಮ ಅಜ್ಜಿಯ ಮಸಾಲೆ ಡಬ್ಬಿಯ ನೆಂಟರೇ! ಸ್ವಲ್ಪ ಕಲ್ಲುಸಕ್ಕರೆಯನ್ನೂ ಹಾಕುವುದುಂಟು. ಶ್ಯಾವಿಗೆ ಮಾತ್ರ ನಮ್ಮ ಹಾಗೆ ಒರಳಲ್ಲಿ ಒತ್ತಿದ್ದಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಹಬೆ ಬರುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ತೆಳ್ಳಗೆ ಹರಡುತ್ತಾರೆ. ಬೆಂದ ಹಾಳೆಯನ್ನು ಎತ್ತಿ, ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಗಿರಾಕಿಗೆ 10 ನಿಮಿಷದ ತಿಂಡಿ; ಮಾಡಿದವರಿಗೆ ಒಂದು ರಾತ್ರಿಯ ನಿದ್ದೆ.

ಈಗ ಸ್ವಲ್ಪ ಕಷ್ಟದ ಕಥೆ. ಅಜ್ಜ ಅಜ್ಜಿಯರೇ, ವಿಯೆಟ್ನಾಂ ಯುದ್ಧದ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿದ್ದೀತು. ಆ ದೇಶ 1954ರಲ್ಲಿ ಉತ್ತರ, ದಕ್ಷಿಣ ಎಂದು ಎರಡಾಯಿತು. ಸುಮಾರು 8ರಿಂದ 10 ಲಕ್ಷ ಜನ ಮನೆಮಠ ಬಿಟ್ಟು ಉತ್ತರದಿಂದ ದಕ್ಷಿಣಕ್ಕೆ ಹೋದರು. ಅವರ ಜೊತೆ ಫೋ ಕೂಡ ಸೈಗಾನ್ ನಗರಕ್ಕೆ ಹೋಗಿ ನೆಲೆಯಾಯಿತು. ದಕ್ಷಿಣದ ಸೆಕೆ ನಾಡಿನಲ್ಲಿ ಸೊಪ್ಪು ಸಮೃದ್ಧಿ. ಅಲ್ಲಿನವರು ಬಟ್ಟಲಿನ ಪಕ್ಕ ಒಂದು ತಟ್ಟೆಯನ್ನೇ ಇಟ್ಟರು: ಹೆಸರುಕಾಳಿನ ಮೊಳಕೆ, ನಿಂಬೆ, ಮೆಣಸಿನಕಾಯಿ, ನಮ್ಮ ಕಾಮಕಸ್ತೂರಿಯ ಬಳಗದ ಸೊಪ್ಪು. ಸಿಹಿ ಸಾಸ್ ಕೂಡ ಬಂತು. ಇದನ್ನು ಕಂಡ ಹನೋಯಿಯ ಹಿರಿಯರು ಇಂದಿಗೂ ಮೂಗು ಮುರಿಯುತ್ತಾರೆ. ಉಡುಪಿ ಸಾಂಬಾರಿಗೆ ಬೆಲ್ಲ ಹಾಕುವುದನ್ನು ಕಂಡು ಬೇರೆ ಊರಿನವರು ಹುಬ್ಬೇರಿಸುತ್ತಾರಲ್ಲ, ಹಾಗೆ!

ಉತ್ತರದಲ್ಲಿ ಉಳಿದವರ ಪಾಡು ಬೇರೆ. 1960ರ ದಶಕದಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕುತ್ತಿದ್ದವು. ತಿನ್ನುವ ಪದಾರ್ಥಕ್ಕೆಲ್ಲ ಪಡಿತರ. ಸರ್ಕಾರಿ ಅಂಗಡಿಯಲ್ಲಿ ಉದ್ದನೆಯ ಸಾಲು ನಿಂತರೆ ಸಿಗುತ್ತಿದ್ದುದು ತೆಳು ಸಾರು, ಒಂದಿಷ್ಟು ಶ್ಯಾವಿಗೆ. ಮಾಂಸದ ಚೂರೇ ಇಲ್ಲ. ಶ್ಯಾವಿಗೆಯೂ ಸಾಲದಾದಾಗ ತಣ್ಣನೆಯ ಅನ್ನವನ್ನೇ ಸಾರಿಗೆ ಹಾಕಿಕೊಳ್ಳುತ್ತಿದ್ದರು. ಆಗ ತಲೆಯ ಮೇಲೆ ಪೈಲಟ್ ಇಲ್ಲದ ಅಮೆರಿಕದ ಗೂಢಚಾರಿ ವಿಮಾನಗಳು ಹಾರುತ್ತಿದ್ದವು. ಜನ ನಗುತ್ತ ಈ ಮಾಂಸವಿಲ್ಲದ ಊಟಕ್ಕೆ ‘ಪೈಲಟ್ ಇಲ್ಲದ ಫೋ’ ಎಂದು ಹೆಸರಿಟ್ಟರು! ಬಟ್ಟಲಲ್ಲಿ ಮುಖ್ಯವಾದದ್ದೇ ಇಲ್ಲ, ಆದರೂ ಅದನ್ನು ಫೋ ಎಂದೇ ಕರೆದರು. ಹೊಟ್ಟೆ ತುಂಬಿಸಲು ಅಷ್ಟು ಸಾಲದಿದ್ದರೂ, ನಾಳೆ ಒಳ್ಳೆಯ ಫೋ ಸಿಕ್ಕೀತು ಎಂಬ ಆಸೆಯನ್ನು ಆ ಹೆಸರು ಉಳಿಸಿತ್ತು. ನಮ್ಮಲ್ಲೂ ಬರಗಾಲ ಕಂಡ ಹಿರಿಯರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

1975ರಲ್ಲಿ ಯುದ್ಧ ಮುಗಿಯಿತು. ಆಮೇಲಿನ ವರ್ಷಗಳಲ್ಲಿ ಲಕ್ಷಾಂತರ ಜನ ದೇಶ ಬಿಟ್ಟರು, ಎಷ್ಟೋ ಮಂದಿ ಪುಟ್ಟ ದೋಣಿಗಳಲ್ಲಿ ಸಮುದ್ರಕ್ಕಿಳಿದರು. ಎಲ್ಲರೂ ದಡ ಸೇರಲಿಲ್ಲ. ಸೇರಿದವರು ಅಮೆರಿಕದ ಕ್ಯಾಲಿಫೋರ್ನಿಯಾ, ಫ್ರಾನ್ಸಿನ ಪ್ಯಾರಿಸ್, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಲೆ ಹೂಡಿ ಫೋ ಕಾಯಿಸಿದರು. ವಿಯೆಟ್ನಾಂ ನೋಡದೆ ಬೆಳೆದ ಮೊಮ್ಮಕ್ಕಳಿಗೆ ಅಜ್ಜಿಯ ಊರು ಎಂದರೆ ಮೊದಲು ಗೊತ್ತಾದದ್ದು ಆ ಸಾರಿನ ಘಮ. ಈಗ ವಿಯೆಟ್ನಾಮಿನಲ್ಲಿ ಡಿಸೆಂಬರ್ 12 ‘ಫೋ ದಿನ’.

‘ನಾವು ಮಾಂಸ ತಿನ್ನುವುದಿಲ್ಲವಲ್ಲ’ ಎನ್ನುವ ಮನೆಯವರೂ ಇದ್ದೀರಿ. ವಿಯೆಟ್ನಾಮಿನ ಬೌದ್ಧರಲ್ಲೂ ಅನೇಕರು ತಿಂಗಳಿಗೆ ಎರಡು ದಿನ, ಚಂದ್ರಮಾಸದ ಮೊದಲ ದಿನ ಮತ್ತು ಹುಣ್ಣಿಮೆಯಂದು, ಮಾಂಸ ಮುಟ್ಟುವುದಿಲ್ಲ. ಅವರಿಗೆಂದೇ ತರಕಾರಿಯ ಫೋ ಇದೆ. ಈ ಭಾನುವಾರ ಅಜ್ಜಿಯೂ ಮೊಮ್ಮಕ್ಕಳೂ ಸೇರಿ ಮಾಡಬಹುದು.

ಎರಡು ಈರುಳ್ಳಿ, ಒಂದು ದೊಡ್ಡ ತುಂಡು ಶುಂಠಿಯನ್ನು ಉರಿಯ ಮೇಲೆ ಕಪ್ಪಾಗುವಂತೆ ಸುಡಿ (ಇದು ದೊಡ್ಡವರ ಕೆಲಸ), ಕರಿಯನ್ನು ಒರೆಸಿ ತೆಗೆಯಿರಿ. ಎರಡು ಚಕ್ರಮೊಗ್ಗು, ಒಂದು ತುಂಡು ಚಕ್ಕೆ, ಮೂರು ಲವಂಗ, ಒಂದು ಚಮಚ ಕೊತ್ತಂಬರಿ ಬೀಜವನ್ನು ಬೆಚ್ಚಗೆ ಹುರಿಯಿರಿ. ಕ್ಯಾರೆಟ್, ಮೂಲಂಗಿ, ಎಲೆಕೋಸು, ಅಣಬೆಯ ದಪ್ಪ ಹೋಳುಗಳ ಜೊತೆ ಇವೆಲ್ಲವನ್ನೂ ಎರಡು ಲೀಟರ್ ನೀರಿಗೆ ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಸೋಸಿ. ಉಪ್ಪು, ಒಂದು ಚೂರು ಕಲ್ಲುಸಕ್ಕರೆ, ಸ್ವಲ್ಪ ಸೋಯಾ ಸಾಸ್ ಸೇರಿಸಿ. ಬೇಯಿಸಿದ ಅಕ್ಕಿ ನೂಡಲ್ಸನ್ನು ಬಟ್ಟಲಿಗೆ ಹಾಕಿ, ಮೇಲೆ ಕುದಿಯುವ ಸಾರು ಸುರಿಯಿರಿ. ಕೊತ್ತಂಬರಿ ಸೊಪ್ಪು ಹೆಚ್ಚುವುದು, ಹೆಸರುಕಾಳಿನ ಮೊಳಕೆ ತೊಳೆಯುವುದು, ನಿಂಬೆ ಹಿಂಡುವುದು ಮಕ್ಕಳ ಪಾಲಿನ ಕೆಲಸ.

ಸಾರು ಬೇಯುವ ಆ ಒಂದು ಗಂಟೆ ಸುಮ್ಮನೆ ಕೂರಬೇಡಿ ಮಕ್ಕಳೇ. ಕೈಗೆ ಸಿಗದ ಕಾಲದಲ್ಲಿ ನಿಮ್ಮ ಅಜ್ಜ ಅಜ್ಜಿ ಏನು ತಿಂದು ಬೆಳೆದರು, ಊರು ಬಿಟ್ಟು ಬಂದಾಗ ಯಾವ ಅಡುಗೆಯನ್ನು ಜೊತೆಗೆ ತಂದರು, ಅದರಲ್ಲಿ ಈಗ ಏನು ಬದಲಾಗಿದೆ ಎಂದು ಕೇಳಿ. ಅವರು ಹೇಳಿದ್ದನ್ನು ಒಂದು ಪುಟದಲ್ಲಿ ಬರೆದು ನಮಗೆ ಕಳಿಸಿ. ಅಡುಗೆಯ ಹೆಸರು ಬರೆಯುವುದನ್ನು ಮರೆಯಬೇಡಿ!