ಸ್ಕ್ಯಾನರ್ ಕಿತ್ತಿಟ್ರ ಲುಕ್ಸಾನ ಯಾರಿಗೆ?

ವೈನಿ, ಮೌಶಿ, ಓಣ್ಯಾಗಿನ ಎಲ್ಲಾ ಅಕ್ಕಂದಿರ, ಇವತ್ತ ನಿಮ್ಮ ಜೋಡಿ ಸ್ವಲ್ಪ ಜಗಳಾ ಮಾಡೋದದ.

2025ರ ಜುಲೈದಾಗ ವಾಣಿಜ್ಯ ತೆರಿಗೆ ಇಲಾಖೆಯವರು ಫೋನಿನಾಗ ಬಂದ ರೊಕ್ಕದ ಲೆಕ್ಕಾ ಹಿಡದು ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿದ್ರಲಾ, ಅವಾಗಿಂದ ನಮ್ಮ ಓಣ್ಯಾಗ ಹೊಸಾ ಪದ್ಧತಿ ಶುರು ಆಗೇದ. ರೊಟ್ಟಿ ಮಾರೋರು, ಬ್ಲೌಸ್ ಹೊಲಿಯೋರು, ಎಲ್ಲಾರೂ ಸ್ಕ್ಯಾನರ್ ಕಿತ್ತಿಟ್ಟು "ನಗದ ಕೊಡ್ರಿ" ಅನ್ಲಿಕತ್ತಾರ. ಇದನ್ನ ಹೇಳಿಕೊಟ್ಟವರು ಯಾರು? ಮನಿ ಗಂಡಸರು. ಅವರಿಗೆ ಹೇಳಿದವರು? ವಾಟ್ಸಾಪ್!

ಹೆದರೂಕಿಂತ ಮದ್ಲ ಲೆಕ್ಕಾ ಹಾಕ್ರಿ. ಊರಾಗ ಕೂತು ಸಾಮಾನು ಮಾರೋರಿಗೆ ವರ್ಷಕ್ಕ 40 ಲಕ್ಷದ ವ್ಯಾಪಾರ ದಾಟೋ ತನಕಾ ಜಿಎಸ್‌ಟಿ ನೋಂದಣಿ ಬೇಕಿಲ್ಲ. 10 ರೂಪಾಯಿಗೆ ಒಂದ್ ರೊಟ್ಟಿ ಅಂದ್ರ, ಹಬ್ಬ-ಹುಣ್ಣಿವಿ ಸುದ್ದಾ ಬಿಡದ ದಿನಾ 1,100 ರೊಟ್ಟಿ ಬಡೀಬೇಕು. ನಮ್ಮ ಓಣ್ಯಾಗ ಅಷ್ಟು ರಟ್ಟಿ ಯಾರಿಗವ? ಹೊಲಿಗಿ ಅಂದ್ರ ಸೇವಾ, ಅದಕ್ಕ 20 ಲಕ್ಷ. 400 ರೂಪಾಯಿದ ಬ್ಲೌಸ್ ವರ್ಷಕ್ಕ 5,000 ಹೊಲದ್ರ ಆ ಗೆರಿ ಮುಟ್ಟತೀರಿ. ಮತ್ತ ನಗದ ತೊಗೊಂಡ್ರ ತೆರಿಗಿ ಇಲ್ಲ ಅನ್ನೋದೂ ಸುಳ್ಳ. ತೆರಿಗಿ ಇರೂದು ವ್ಯಾಪಾರದ ಮ್ಯಾಲೆ, ರೊಕ್ಕಾ ಹೆಂಗ ಕೊಟ್ರು ಅನ್ನೋದರ ಮ್ಯಾಲೆ ಅಲ್ಲ.

ನನಗ ಸಿಟ್ಟ್ ಬರೂದು ಬ್ಯಾರೆನ ವಿಷಯಕ್ಕ. ನಗದ ರೊಕ್ಕ ಸಾಸವಿ ಡಬ್ಬ್ಯಾಗ ಬಿದ್ರ ಸಂಜೀ ತನಕಾ ಇರ್ತದೇನು? ಒಬ್ಬರಿಗೆ ಪೆಟ್ರೋಲ್, ಒಬ್ಬರಿಗೆ ಎಲಿ-ಅಡಕಿ. ನಾಳೆ ಬ್ಯಾಂಕಿಗೆ ಹೋಗಿ "ಹಿಟ್ಟಿನ ಗಿರಣಿ ಹಾಕ್ತೀನ್ರಿ, ಸಾಲಾ ಕೊಡ್ರಿ" ಅಂದ್ರ, ಗಳಿಕಿ ಎಷ್ಟಂತ ತೋರಸ್ಲಿಕ್ಕೆ ಏನದ ನಿಮ್ಮ ಕಡೆ? ಖಾತೆದಾಗ ಬಂದದ್ದಕ್ಕ ನಿಮ್ಮ ಹೆಸರು ಇರ್ತದ. ಹಾಂ, ಆ ಸ್ಕ್ಯಾನರ್ ಗಂಡಂದೋ ಮಗಂದೋ ಖಾತೆದ್ದಾಗಿದ್ರ ಅದನ್ನ ಮಾತ್ರ ಅಗದಿ ಇವತ್ತ ಕಿತ್ತ ಒಗೀರಿ!

ಸರಕಾರದವರನ್ನೂ ನಾ ಬಿಡಂಗಿಲ್ಲ. ಖಾನಾವಳಿ ಅಕ್ಕಂದಿರ ಪಾಡು ನೋಡ್ರಿ. 80 ರೂಪಾಯಿ ಊಟ, ದಿನಾ 70 ಮಂದಿ, ವರ್ಷಕ್ಕ 20 ಲಕ್ಷ 44 ಸಾವಿರ ಆತು. ಗೆರಿ ದಾಟಿತು. ಜ್ವಾಳಾ, ಎಣ್ಣಿ, ಗ್ಯಾಸು, ಭಾಂಡೆ ತಿಕ್ಕೋರ ಪಗಾರ ತಗದ್ರ ಕೈಯಾಗ ಎಷ್ಟ ಉಳೀತದ? ಅದನ್ನ ಯಾರೂ ಕೇಳಂಗಿಲ್ಲ. ಕಾಂಪೋಜಿಶನ್ ಒಳಗ ಬಂದ್ರ ಇಡೀ ವ್ಯಾಪಾರದ ಮ್ಯಾಲೆ 5 ಪರ್ಸೆಂಟ್, ಅಂದ್ರ ಲಕ್ಷದ ಮ್ಯಾಲೆ, ಅದೂ ಗಿರಾಕಿ ಕಡೆ ತೆರಿಗಿ ಅಂತ ವಸೂಲ್ ಮಾಡೂಹಂಗಿಲ್ಲ. 2017ರಾಗ ಇಟ್ಟ 20 ಲಕ್ಷದ ಮಿತಿ ಸಾಮಾನು ಮಾರೋರಿಗೆ 2019ರಾಗ 40 ಆತು. ಉಣಿಸೋರಿಗೆ ಮಾತ್ರ ಹಂಗ ಉಳೀತು. ಆವಾಗಿನ ಎಣ್ಣಿ ರೇಟೂ ಹಂಗ ಉಳದದೇನು? 2021-22ರಿಂದ ಸುಮ್ನ ಕೂತು, ಒಮ್ಮಿಗೆ ಎಲ್ಲಾ ವರ್ಷದ್ದು ಕೇಳಿದ್ರ ಎದಿ ಒಡಿಯಂಗಿಲ್ಲೇನು? ಗದ್ದಲಾ ಆದ ಮ್ಯಾಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೇ ಬಾಕಿ ವಸೂಲ್ ಮಾಡಂಗಿಲ್ಲ, ಆದ್ರ ನೋಂದಣಿ ಮಾಡಸ್ರಿ ಅಂದ್ರು. ಮದ್ಲ ಓಣಿ-ಓಣಿಗೆ ಬಂದು ತಿಳಿಸಿ ಹೇಳಿದ್ರ ಏನ್ ಹೋಗ್ತಿತ್ತು?

ಇನ್ನೊಂದ ಮಾತ. ಭಿಸಿ ರೊಕ್ಕ, ಮಗಳ ಹಾಸ್ಟೆಲ್ ಫೀ, ತವರಮನಿಯಿಂದ ಬಂದದ್ದು, ಎಲ್ಲಾ ಒಂದ ನಂಬರಿಗೆ ಹಾಕಿಸ್ಕೋಬ್ಯಾಡ್ರಿ, ಇಲಾಖೆಯವರ ಕಣ್ಣಿಗೆ ಅದೂ ವ್ಯಾಪಾರನ ಕಾಣ್ತದ. ವ್ಯಾಪಾರಕ್ಕ ಬ್ಯಾರೆ ಖಾತೆ ಮಾಡ್ರಿ. ನೋಟಿಸ್ ಬಂದ್ರ ಹರದು ಒಲಿಗೆ ಹಾಕಬ್ಯಾಡ್ರಿ, ಅದಕ್ಕ ಉತ್ತರಾ ಬರೀಲಿಕ್ಕೆ ಬರ್ತದ. ಪಾಸಬುಕ್ಕು, ಕಿರಾಣಿ ಬಿಲ್ಲು ತೊಗೊಂಡು ನಮ್ಮನಿಗೆ ಬರ್ರಿ, ಕೂಡೇ ಕೂತು ಬರಿಯೋಣು.