ಬಿರಿಯಾನಿ ಡಬ್ಬದ ಒಟ್ಲು

ಹೋದ ವರ್ಷ ಅವ್ವ ಊರಿಂದ ಬಂದಿದ್ದಾಗಿನ ಮಾತು. ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಎರಡಡಿ ಉದ್ದದ ಫಿಶ್ ಟ್ಯಾಂಕ್ ಇದೆ. ಅವತ್ತು ತಾನೇ ಅಂಗಡಿಯಿಂದ ರೊಟಾಲಾ ಅನ್ನೋ ಗಿಡ ತಂದಿದ್ದೆ. ಅಂಗೈಯಗಲದ ಪ್ಲಾಸ್ಟಿಕ್ ಕಪ್, ತಳದಲ್ಲಿ ಜೆಲ್ಲಿ, ಅದರ ಮೇಲೆ ಬೆರಳುದ್ದದ ಸಣ್ಣೆಲೆ ಕಡ್ಡಿಗಳು. ಬೆಲೆ 320 ರೂಪಾಯಿ. ಅವ್ವ ಕಪ್ಪನ್ನ ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

‘ಏನ್ಲಾ ಇದು? ಗದ್ದೆ ಕಳೆ ಇದ್ದಂಗದೆ. ಇದನ್ನ ಕೀಳಕ್ಕೆ ಅಂತ ನಾವು ಆಳಿಗೆ ಕೂಲಿ ಕೊಡ್ತೀವಿ. ನೀನು ದುಡ್ಡು ಕೊಟ್ಟು ತಂದಿದೀಯಾ?’

ನಾನು ನಕ್ಕು ಸುಮ್ಮನಾದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ರೊಟಾಲಾ ಕುಲದ ಎಷ್ಟೋ ಗಿಡಗಳು ಏಷ್ಯಾದ ಭತ್ತದ ಗದ್ದೆಗಳಲ್ಲಿ ತಾವಾಗೇ ಹುಟ್ಟುವ ಕಳೆಗಳು. ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲಿ ರಾಣಿಯ ಥರ ಮೆರೆಯುವ ಕೆಂಪು ರೊಟಾಲಾ ಮ್ಯಾಕ್ರಾಂಡ್ರಾದ ತವರು ನಮ್ಮ ದಕ್ಷಿಣ ಭಾರತವೇ. ಅದೇ ಅಂಗಡಿಯಲ್ಲಿ ಬಕೋಪಾ ಅಂತ ಸಿಗೋದರಲ್ಲಿ ಒಂದು ಜಾತಿ ನಮ್ಮ ನೀರು ಬ್ರಾಹ್ಮಿ. ಅದು ಕಾಲುವೆ ಬದುವಿನಲ್ಲಿ ಎಮ್ಮೆ ಕಾಲಿಗೆ ಸಿಕ್ಕಿ ಬೆಳೆಯುವ ಗಿಡ.

ಸರಿ, ಕೊಂಡದ್ದು ಕೊಂಡೆ. ನೀರಿಗೆ ಹಾಕಿ ಹತ್ತು ದಿನಕ್ಕೆ ಎಲೆಗಳು ಪಾರದರ್ಶಕವಾಗಿ, ಕೊಳೆತು ಉದುರಿದವು. ಮತ್ತೆ ಅಂಗಡಿಗೆ ಓಡಿದೆ. ‘ಸರ್, ಸಿಒಟು ಹಾಕಿಲ್ವಾ?’ ಅಂದರು. ಹಾಕಿದೆ. ‘ಲೈಟ್ ಸಾಲಲ್ಲ ಸರ್.’ ಅದನ್ನೂ ತಂದೆ. ಆಮೇಲೆ ದ್ರವ ಗೊಬ್ಬರ, ಆಮೇಲೆ ಕಪ್ಪು ಗುಳಿಗೆಗಳಂಥ ವಿದೇಶಿ ಮಣ್ಣು. ಮೂರು ತಿಂಗಳಲ್ಲಿ 14 ಸಾವಿರ ಹೋಯಿತು. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು ಏನಂದ್ರೆ, ಆ ಗಿಡ ಸತ್ತೇ ಇರಲಿಲ್ಲ!

ಅಂಗಡಿಗೆ ಬರುವ ಅಕ್ವೇರಿಯಂ ಗಿಡಗಳಲ್ಲಿ ಬಹಳಷ್ಟು ನೀರೊಳಗೆ ಬೆಳೆದವಲ್ಲ. ಬೇರು ಮಾತ್ರ ಒದ್ದೆಯಲ್ಲಿ, ಎಲೆ ಗಾಳಿಯಲ್ಲಿ ಇಟ್ಟು ಫಾರ್ಮ್‌ಗಳಲ್ಲಿ ಬೆಳೆಸುತ್ತಾರೆ. ಯಾಕಂದ್ರೆ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿಗಿಂತ ಸುಮಾರು 10 ಸಾವಿರ ಪಟ್ಟು ನಿಧಾನವಾಗಿ ಹರಡುತ್ತೆ. ಗಾಳಿಯಲ್ಲಿ ಗಿಡ ಬೇಗ ಬೆಳೆಯುತ್ತೆ, ಪಾಚಿಯ ಕಾಟವೂ ಇಲ್ಲ. ಅಂಥ ಗಿಡವನ್ನ ಮುಳುಗಿಸಿದರೆ ಗಾಳಿಗೆ ಹುಟ್ಟಿದ ಎಲೆಗಳನ್ನ ಬಿಟ್ಟು, ನೀರಿಗೆ ಒಗ್ಗುವ ಹೊಸ ಎಲೆ ಹಾಕಿಕೊಳ್ಳುತ್ತೆ. ಕಡ್ಡಿ ಗಟ್ಟಿಯಾಗಿದ್ದರೆ ಮೂರ್ನಾಲ್ಕು ವಾರ ಕಾದರೆ ಸಾಕು. ನಾನು ಹತ್ತನೇ ದಿನಕ್ಕೇ ಕಿತ್ತು ಬಿಸಾಡಿ ಹೊಸ ಕಪ್ ತಂದಿದ್ದೆ. ‘ಸ್ವಲ್ಪ ತಾಳಿ’ ಅನ್ನೋ ಎರಡು ಪದವನ್ನ ಯಾವ ಅಂಗಡಿಯೂ ಮಾರಲ್ಲ. ಅದಕ್ಕೆ ಎಂಆರ್‌ಪಿ ಹಾಕಕ್ಕಾಗಲ್ಲವಲ್ಲ!

ನನ್ನ ಸಿಟ್ಟು ಅಂಗಡಿಯವರ ಮೇಲಲ್ಲ, ಅವರದು ವ್ಯಾಪಾರ. ಸಿಟ್ಟು ನಮ್ಮಂಥವರ ಮೇಲೆ. ಎಂಜಿನಿಯರಿಂಗ್ ಓದಿದ್ದೀವಿ, ಪ್ರೊಡಕ್ಷನ್‌ನಲ್ಲಿ ಏನಾದರೂ ಮುರಿದರೆ ಲಾಗ್ ತೆಗೆದು ಕಾರಣ ಹುಡುಕುತ್ತೀವಿ. ಮನೆಯಲ್ಲಿ ಒಂದು ಗಿಡದ ಎಲೆ ಉದುರಿದರೆ ಮಾತ್ರ ಕಾರಣ ಕೇಳದೆ ಕಾರ್ಡ್ ಉಜ್ಜುತ್ತೀವಿ. ಓಡೋಕೆ ಮುಂಚೆ ಶೂ, ಅಡುಗೆಗೆ ಮುಂಚೆ ಏರ್ ಫ್ರೈಯರ್, ಗಿಡಕ್ಕೆ ಮುಂಚೆ ಕಿಟ್. ನಮ್ಮ ಹವ್ಯಾಸಗಳೆಲ್ಲ ಬಿಲ್ಲಿನಿಂದ ಶುರುವಾಗುತ್ತವೆ. ಬಹುಪಾಲು ಅಲ್ಲೇ ಮುಗಿಯುತ್ತವೆ ಕೂಡ.

ಹಾಗಾದ್ರೆ ಏನು ಮಾಡೋದು? ಫಾರ್ಮ್‌ನವರು ಮಾಡೋದನ್ನೇ ಮನೆಯಲ್ಲಿ ಮಾಡೋದು. ಬಿರಿಯಾನಿ ಪಾರ್ಸೆಲ್ ಬರುವ ಪಾರದರ್ಶಕ ಡಬ್ಬ ಸಾಕು. ಎಣ್ಣೆ ಜಿಡ್ಡು ಹೋಗೋ ಹಾಗೆ ತೊಳೆಯಿರಿ. ಒಂದೂವರೆ ಇಂಚು ಜರಡಿ ಹಿಡಿದ ಕೆಮ್ಮಣ್ಣು, ಸ್ವಲ್ಪ ಮರಳು ಹಾಕಿ. ಹಸಿ ಗೊಬ್ಬರ ಬೇಡ, ಬೂಸ್ಟು ಹಿಡಿಯುತ್ತೆ. ಮಣ್ಣು ಕೆಸರಾಗುವಷ್ಟು ಮಾತ್ರ ನೀರು, ಮೇಲೆ ನಿಲ್ಲಬಾರದು. ಕಡ್ಡಿಯನ್ನ ಗೆಣ್ಣಿನ ಕೆಳಗೆ ಮೂರಿಂಚು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ನೆಡಿ. ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಯಲ್ಲಿಡಿ. ಬಿಸಿಲಿಗಿಟ್ಟರೆ ಗಿಡ ಬೆಂದು ದಮ್ ಬಿರಿಯಾನಿಯೇ ಆಗುತ್ತೆ. ದಿನಕ್ಕೊಮ್ಮೆ ಐದು ನಿಮಿಷ ಮುಚ್ಚಳ ತೆಗೆದು ಗಾಳಿಯಾಡಿಸಿ. ರೊಟಾಲಾ, ಬಕೋಪಾ, ಲುಡ್ವಿಜಿಯಾ ಒಂದೆರಡು ವಾರದಲ್ಲಿ ಬೇರು ಬಿಡುತ್ತವೆ. ಅನೂಬಿಯಾಸ್, ಜಾವಾ ಫರ್ನ್ ಆದರೆ ಅಡ್ಡ ಬೆಳೆಯುವ ಗೆಡ್ಡೆಕಾಂಡವನ್ನ ಹೂಳಬೇಡಿ, ಕೊಳೆಯುತ್ತೆ. ಅದನ್ನ ಎಲೆಗಳ ಸಮೇತ ಎರಡು ತುಂಡು ಮಾಡಿ, ಕಲ್ಲಿಗೆ ದಾರದಲ್ಲಿ ಕಟ್ಟಿದರೆ ಆಯ್ತು.

ಇದೇನು ನನ್ನ ಸಂಶೋಧನೆ ಅಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿಟ್ಟ ಬಾಟಲಿಯೊಳಗೆ ಪುಟ್ಟ ಫರ್ನ್ ಬೆಳೆದದ್ದು ಕಂಡ. ಒಳಗಿನ ತೇವ ಆವಿಯಾಗಿ, ಮತ್ತೆ ಹನಿಯಾಗಿ ಮಣ್ಣಿಗಿಳಿಯುತ್ತೆ, ಗಿಡ ಒಣಗಲ್ಲ. ಆ ತತ್ವದ ಗಾಜಿನ ಪೆಟ್ಟಿಗೆಗಳಲ್ಲೇ ರಾಬರ್ಟ್ ಫಾರ್ಚೂನ್ ಚೀನಾದ ಟೀ ಸಸಿಗಳನ್ನ ಸಮುದ್ರ ದಾಟಿಸಿ ಭಾರತಕ್ಕೆ ತಂದದ್ದು. ಒಂದು ದೇಶದ ಟೀ ತೋಟವೇ ಮುಚ್ಚಿದ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿದೆ ಅಂದಮೇಲೆ ನಿಮ್ಮ ನಾಲ್ಕು ಕಡ್ಡಿ ಬದುಕದೆ ಇರುತ್ತವಾ?

ಅದಕ್ಕಿಂತ ಹತ್ತಿರದ ಗುರು ನಮ್ಮಪ್ಪ. ಭತ್ತವನ್ನ ನೇರ ಗದ್ದೆಗೆ ಚೆಲ್ಲದೆ, ಮೊದಲು ಒಂದು ಮೂಲೆಯಲ್ಲಿ ಒಟ್ಲು ಹಾಕಿ, ಸಸಿ ಬಲಿತ ಮೇಲೆ ಕಿತ್ತು ನಾಟಿ ಮಾಡುತ್ತಿದ್ದ. ಒಟ್ಲಿನ ನೀರು ಹೆಚ್ಚೂ ಆಗಬಾರದು, ಒಣಗಲೂ ಬಾರದು ಅಂತ ಬೆಳಗ್ಗೆ ಸಂಜೆ ಹೋಗಿ ನೋಡುತ್ತಿದ್ದ. ಇಪ್ಪತ್ತು ವರ್ಷ ಅದನ್ನ ಕಣ್ಣಾರೆ ಕಂಡವನು ನಾನು. ನಗರಕ್ಕೆ ಬಂದಮೇಲೆ ಅದು ‘ಜ್ಞಾನ’ ಅಂತ ನನಗೆ ಅನ್ನಿಸಲೇ ಇಲ್ಲ. ಅದೇ ವಿಷಯವನ್ನ ಇಂಗ್ಲಿಷಿನಲ್ಲಿ ಒಬ್ಬ ವಿಡಿಯೋ ಮಾಡಿ ಹೇಳಿದಾಗ ಮಾತ್ರ ನೋಟ್ಸ್ ಬರ್ಕೊಂಡೆ. ನಾಚಿಕೆ ಆಗಬೇಕಾದ್ದು ಇದಕ್ಕೆ.

‘ನನ್ನ ಒಂದು ಗಂಟೆಯ ಬೆಲೆ ಏನು ಗೊತ್ತಾ? ಕೊಳ್ಳೋದೇ ಅಗ್ಗ’ ಅಂತಾನೆ ನನ್ನ ಟೀಮಿನ ಗೆಳೆಯ. ಲೆಕ್ಕ ಸರಿ. ಆದರೆ ಗಂಟೆ ಉಳಿಸೋದೇ ಗುರಿಯಾಗಿದ್ದರೆ ಟ್ಯಾಂಕ್ ಯಾಕೆ ಇಟ್ಟೆ ಮಾರಾಯ? ಆ ಗಂಟೆ ಕಳೆಯೋಕೇ ಅಲ್ವಾ? ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಕೆಲವು ಕಡುಗೆಂಪು ಗಿಡಗಳು, ನೆಲಹಾಸಿನಂತೆ ಹಬ್ಬುವ ಗಿಡಗಳು ಸಿಒಟು ಕೊಟ್ಟರೆ ಚೆನ್ನಾಗಿ ಬರುತ್ತವೆ, ನಿಜ. ಜಪಾನಿನ ತಕಾಶಿ ಅಮಾನೋ ಕಟ್ಟಿದ ಜಲತೋಟಗಳ ಮುಂದೆ ನಾನೂ ಬಾಯಿ ತೆರೆದು ಕೂತವನೇ. ಆದರೆ ಡಯಾನಾ ವಾಲ್‌ಸ್ಟಡ್ ಅನ್ನೋ ಅಮೆರಿಕದ ಹೆಣ್ಣುಮಗಳು 1999ರಲ್ಲೇ ಪುಸ್ತಕ ಬರೆದು, ಸಾಧಾರಣ ಮಣ್ಣು ಹಾಕಿ ಸಿಲಿಂಡರ್ ಇಲ್ಲದೆ ಟ್ಯಾಂಕ್ ನಡೆಸೋ ದಾರಿ ತೋರಿಸಿದ್ದಾರೆ. ಮೊದಲು ಡಬ್ಬದಲ್ಲಿ ಬೆಳೆಸಿ. ಸಿಲಿಂಡರ್ ಎಲ್ಲೂ ಓಡಿಹೋಗಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದು ದುಡ್ಡು ಉಳಿಸುವ ಟಿಪ್ಸ್ ಆಗುತ್ತಿತ್ತು. ಆದರೆ ಪುಕ್ಕಟೆ ಬೆಳೆದ ಗಿಡಕ್ಕೂ ಒಂದು ಜವಾಬ್ದಾರಿ ಇದೆ. ಅದನ್ನ ನಾನು ತಪ್ಪು ಮಾಡಿ ಕಲಿತೆ.

ಮೊದಲನೆಯದು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಮನೆಯ ಇಂಥ ಡಬ್ಬ, ಕುಂಡಗಳ ನಿಂತ ನೀರಿನಲ್ಲೇ. ಒಂದು ವಾರ, ಹತ್ತು ದಿನದಲ್ಲಿ ಮರಿ ಹಾರುತ್ತೆ. ಆದ್ದರಿಂದ ಮುಚ್ಚಳ ಕಡ್ಡಾಯ. ಬಾಲ್ಕನಿಯಲ್ಲಿ ತೆರೆದ ಟಬ್ ಇಟ್ಟರೆ ಗಪ್ಪಿ ಮೀನು ಬಿಡಿ. ಗಿಡದ ಹುಚ್ಚಿಗೆ ಪಕ್ಕದ ಮನೆಯ ಮಗು ಜ್ವರ ಬಂದು ಮಲಗಬಾರದು.

ಎರಡನೆಯದು ಹೆಚ್ಚಾದ ಗಿಡ. ಒಂದು ಮಳೆಗಾಲ ನನ್ನ ಟಬ್ಬಿನಲ್ಲಿ ತೇಲುವ ಸಾಲ್ವೀನಿಯಾ ಉಕ್ಕಿ ಬೆಳೆಯಿತು. ಬಿಸಾಡಕ್ಕೆ ಮನಸ್ಸಾಗಲಿಲ್ಲ. ಪಾಪ, ಬದುಕಲಿ ಅಂತ ಒಂದು ಬಕೆಟ್ ತುಂಬ ತಗೊಂಡು ಹೋಗಿ ಅಪಾರ್ಟ್‌ಮೆಂಟ್ ಹಿಂದಿನ ಕೆರೆಗೆ ಸುರಿದು ಬಂದೆ. ಪುಣ್ಯದ ಕೆಲಸ ಮಾಡಿದ ಖುಷಿ ಬೇರೆ! ಆಮೇಲೆ ಓದಿದೆ. ನಮ್ಮ ಕೆರೆಗಳನ್ನ ಹಸಿರು ಹೊದಿಕೆಯಂತೆ ಮುಚ್ಚಿರುವ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ್ದು. ಅಂದದ ಹೂವಿನ ಗಿಡ ಅಂತ ತಂದು ಸಾಕಿದ್ದು. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಕಾಲುವೆ ಪೂರ್ತಿ ಗುಲಾಬಿ ಹೂ ಬಿಟ್ಟಾಗ ಜನ ಸೆಲ್ಫಿಗೆ ಮುಗಿಬಿದ್ದರು. ಅದು ಕಬೊಂಬಾ, ಅದೂ ದಕ್ಷಿಣ ಅಮೆರಿಕದ ಕಡೆಯ ಗಿಡ, ಅಂಗಡಿಗಳಲ್ಲಿ ಅಕ್ವೇರಿಯಂಗೆ ಅಂತ ಮಾರುವಂಥದ್ದು. ನಮ್ಮ ಕಡೆಯ ಕೆರೆಗಳಲ್ಲೂ ಇರುವ ಹೈಡ್ರಿಲ್ಲಾ 1950ರ ದಶಕದಲ್ಲಿ ಹೀಗೇ ಅಕ್ವೇರಿಯಂ ಗಿಡವಾಗಿ ಫ್ಲೋರಿಡಾಕ್ಕೆ ಹೋಗಿ, ಅಲ್ಲಿನ ಕೆರೆ ಹೊಳೆಗಳಿಗೆ ಪೀಡೆಯಾಯಿತು.

ನನ್ನ ಬಕೆಟ್ ಆ ಕೆರೆಗೆ ಏನು ಮಾಡಿತೋ ನನಗೆ ಯಾವತ್ತೂ ಗೊತ್ತಾಗಲ್ಲ. ವಾಪಸ್ ತರೋಕಂತೂ ಆಗಲ್ಲ. ಈಗ ಹೆಚ್ಚಾದದ್ದನ್ನೆಲ್ಲ ಟೆರೇಸಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ ಕುಂಡದ ಮಣ್ಣಿಗೆ ಹಾಕುತ್ತೀನಿ. ಯಾರಿಗಾದರೂ ಗಿಡದ ಡಬ್ಬ ಕೊಟ್ಟರೆ ಒಂದೇ ಷರತ್ತು: ಕೆರೆಗೂ ಇಲ್ಲ, ಚರಂಡಿಗೂ ಇಲ್ಲ.

ಮೊನ್ನೆ ಅವ್ವ ಮತ್ತೆ ಬಂದಿದ್ದಳು. ಕಿಟಕಿಯಲ್ಲಿ ಸಾಲಾಗಿಟ್ಟ ಆರು ಡಬ್ಬ ನೋಡಿ, ಒಂದರ ಮುಚ್ಚಳ ತೆಗೆದು ಬೆರಳಲ್ಲಿ ಮಣ್ಣು ಒತ್ತಿದಳು. ‘ನೀರು ಒಂಚೂರು ಜಾಸ್ತಿ ಆಗದೆ ಕಣ್ಲಾ’ ಅಂದಳು. ಬಗ್ಗಿಸಿ ಚೆಲ್ಲಿದೆ. ಆ ಸಲಹೆಗೆ ಬಿಲ್ ಬರಲಿಲ್ಲ.